ತೂಕಕ್ಕೆ ಕೊಂಡ ನಾಣ್ಯಗಳು

ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಕೆಳಗಿಳಿದರೆ ದೇವಪ್ಪನ ಪಾತ್ರೆ ಅಂಗಡಿ. ಮುಂದೆ ಅಂಗಡಿ, ಅದಕ್ಕಂಟಿಕೊಂಡು ಮನೆ, ಹಿತ್ತಲಲ್ಲಿ ಒಂದು ಹಳೆಯ ಕುಲುಮೆ. ದೇವಪ್ಪನ ಅಪ್ಪ ಆ ಕುಲುಮೆಯಲ್ಲಿ ಕಂಚಿನ ತಟ್ಟೆ, ಲೋಟ ಎರೆದು ಮಾರಿ ಮನೆ ನಡೆಸಿದವನು. ಎರಡು ಸಾವಿರದ ಮೂರನೇ ಇಸವಿಯಲ್ಲಿ ಕಂಚಿನ ಲೋಟ ಯಾರಿಗೆ ಬೇಕು? ಹಳ್ಳಿಯವರು ಅಜ್ಜಿಯ ಕಾಲದ ಕಂಚು, ತಾಮ್ರ ತಂದು ತಕ್ಕಡಿಗೆ ಹಾಕುತ್ತಿದ್ದರು, ಅಷ್ಟು ಬೆಲೆಗೆ ಸ್ಟೀಲಿನ ಕುಕ್ಕರೋ ಡಬ್ಬಿಯೋ ಒಯ್ಯುತ್ತಿದ್ದರು. ಹಾಗೆ ಬಂದ ಹಳೆಯದನ್ನೆಲ್ಲ ದೇವಪ್ಪ ಕರಗಿಸಿ, ಗಟ್ಟಿ ಎರೆದು, ಶಿವಮೊಗ್ಗದ ವ್ಯಾಪಾರಿಗೆ ಕಳಿಸುತ್ತಿದ್ದ.

ಮನುಷ್ಯ ಮುಂಗೋಪಿ. ಒಳ್ಳೆಯ ಮಾತನ್ನೂ ಬೈದ ಹಾಗೇ ಆಡುವವನು. ಆದರೆ ಅವನ ತಕ್ಕಡಿಯ ಕಡೆ ಬೆರಳು ತೋರಿಸಿದವರು ಸುತ್ತಲಿನ ಊರುಗಳಲ್ಲಿ ಒಬ್ಬರೂ ಇರಲಿಲ್ಲ. ಅವನ ಆಸ್ತಿಯೂ ಅದೇ, ಜಂಭವೂ ಅದೇ. ತಂದ ಒಂದೊಂದು ಸಾಮಾನಿನ ತೂಕವನ್ನೂ ಚೀಟಿಯಲ್ಲಿ ಬರೆದು ಕೊಡುತ್ತಿದ್ದ, ಓದಲು ಬಾರದವರಿಗೂ ಕೊಡುತ್ತಿದ್ದ. ಇನ್ನೊಂದು ಪದ್ಧತಿ ಅವನ ಅಪ್ಪನಿಂದ ಬಂದದ್ದು. ಬೇರೆ ಮನೆಯ ಹಳೆಯ ಲೋಹ ಕೊಂಡರೆ ಅದರಲ್ಲೇ ಒಂದು ಚೂರು ಆ ಮನೆಯವರಿಗೆ ವಾಪಸ್ ಕೊಡಬೇಕು, ಅವರ ಲಕ್ಷ್ಮಿ ಪೂರ್ತಿ ಹೊಸಿಲು ದಾಟಬಾರದು ಅಂತ.

ಊರಲ್ಲಿ ಮದುವೆ ಕಾಲದ ಗಲಾಟೆ ಶುರುವಾದ ಹೊತ್ತಿಗೆ ಕಡಹಿನಬೈಲಿನ ಬಸವಮ್ಮ ಗೊಬ್ಬರದ ಚೀಲವೊಂದನ್ನು ಹೊತ್ತುಕೊಂಡು ಬಂದಳು. ದೇವಪ್ಪನ ಅಪ್ಪನ ಕಾಲದಿಂದ ಬರುತ್ತಿದ್ದ ಗಿರಾಕಿ, ದೇವಪ್ಪನಿಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು.

“ಮೊಮ್ಮಗಳ ಮದುವೆ ತಮ್ಮ. ಒಂದು ದೊಡ್ಡ ಕುಕ್ಕರ್ ಬೇಕು. ಇದ್ರಲ್ಲಿ ಆಗುತ್ತಾ ನೋಡು.”

ಚೀಲದಲ್ಲಿ ನಗ್ಗಿದ ಎರಡು ತಟ್ಟೆ, ಕಾಲು ಮುರಿದ ದೀಪ, ಮತ್ತೆ ಬಟ್ಟೆಯಲ್ಲಿ ಕಟ್ಟಿದ ಹಸಿರುಗಟ್ಟಿದ ಬಿಲ್ಲೆಗಳು, ಎರಡು ಬೊಗಸೆಯಷ್ಟು.

“ಇದೆಂತದು ಅಕ್ಕ?”

“ಗೋಬರ್ ಗ್ಯಾಸಿಗೆ ಗುಂಡಿ ತೋಡಿಸ್ದೆ. ಒಂದು ಮಡಿಕೇಲಿ ಇತ್ತು. ಮಡಿಕೆ ಒಡೆದೇ ಹೋಯ್ತು.”

ದೇವಪ್ಪ ಒಂದು ಬಿಲ್ಲೆಯನ್ನು ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿದ. “ಕಂಚು,” ಅಂದ. ತೂಗಿ ಚೀಟಿ ಬರೆದ. ಅದರಲ್ಲೇ ಒಂದು ಬಿಲ್ಲೆ ಎತ್ತಿ ಬಸವಮ್ಮನ ಅಂಗೈಗೆ ಹಾಕಿದ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿಗೆ ಕಟ್ಟಿ, ಕುಕ್ಕರನ್ನು ಮಗುವಿನ ಹಾಗೆ ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದಳು.

ಹಳೆಯ ಸಾಮಾನು ತೊಳೆದು ಬೇರೆ ಮಾಡುವ ಕೆಲಸ ಸೊಸೆ ಸೌಂದರ್ಯಾಳದು. ಹರಿಹರಪುರದ ಹುಡುಗಿ, ಮದುವೆಯಾಗಿ ಮೂರು ವರ್ಷ. ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಹೆಂಗಸರು ಕೂರಬಾರದು ಅಂತ ಮಾವನ ಕಾನೂನು. ಹಿತ್ತಲಲ್ಲಿ ಮಸಿ, ಹುಣಸೆಹುಳಿ, ಬೂದಿಯ ನಡುವೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು. ಅವತ್ತು ಬಿಲ್ಲೆಗಳನ್ನು ಬೋಗುಣಿಗೆ ಸುರಿದುಕೊಂಡು ಒಂದಕ್ಕೆ ಹುಳಿ ಹಚ್ಚಿ ಉಜ್ಜಿದಳು, ಅಷ್ಟೇ, ಕೈ ನಿಂತಿತು. ಮೂಲೆ ಕತ್ತರಿಸಿದ ಆ ಸಣ್ಣ ಚೌಕದ ಮೇಲೆ ಸೂರ್ಯ ಇತ್ತು. ಪಕ್ಕದಲ್ಲಿ ಒಂದರ ಮೇಲೊಂದು ಇಟ್ಟ ಬೆಟ್ಟ, ಬೇಲಿಯೊಳಗೊಂದು ಮರ. ಎರಕ ಹೊಯ್ದದ್ದಲ್ಲ, ಒಂದೊಂದು ಗುರುತನ್ನೂ ಬೇರೆ ಬೇರೆಯಾಗಿ ಒತ್ತಿದ್ದು. ಇನ್ನೊಂದರ ಮೇಲೆ ಎತ್ತು. ಹೈಸ್ಕೂಲಿನ ಚರಿತ್ರೆ ಪುಸ್ತಕದ ಮೊದಲ ಪಾಠದಲ್ಲಿ ಈ ಚಿತ್ರ ಇತ್ತು. ಹುಳಿಯ ಕೈಯನ್ನು ಗಬಕ್ಕನೆ ತೊಳೆದುಕೊಂಡಳು.

ಸಂಜೆ ಅಕ್ಕಿರೊಟ್ಟಿ ಬಡಿಸುತ್ತ ಮಾತು ತೆಗೆದಳು.

“ಮಾವ, ಬಸವಮ್ಮ ತಂದ ಬಿಲ್ಲೆ ಇದಾವಲ್ಲ, ಅವು ನಾಣ್ಯ. ಸಾವಿರಾರು ವರ್ಷದ್ದು. ನಮ್ಮ ಪುಸ್ತಕದಲ್ಲಿ ಚಿತ್ರ ಇತ್ತು.”

“ಪುಸ್ತಕದಲ್ಲಿ ನಾಣ್ಯ ಇರ್ಬಹುದು. ತಕ್ಕಡೀಲಿ ಅದು ಕಂಚು. ಕಂಚಿನ ರೇಟು ಕೊಟ್ಟಾಯ್ತು, ಕುಕ್ಕರ್ ಬಸ್ ಹತ್ತಿ ಹೋಯ್ತು. ಚಟ್ನಿ ಹಾಕು.”

“ತಾಳಪ್ಪ,” ಅಂದ ಮಗ ಯಶವಂತ. ಸೌಂದರ್ಯಾಳ ಗಂಡ, ಅಂಗಡಿಗೆ ಸ್ಟೀಲು ತರುವ ನೆಪದಲ್ಲಿ ವಾರಕ್ಕೆರಡು ಸಲ ಶಿವಮೊಗ್ಗ ಸುತ್ತುವವನು. “ಹಳೇ ನಾಣ್ಯ ಅಂದ್ರೆ ಕಣ್ಮುಚ್ಚಿ ದುಡ್ಡು ಕೊಡೋರು ಇದಾರೆ. ನಾ ವಿಚಾರಿಸ್ತೀನಿ.”

“ಬೆಲೆ ಇದ್ರೆ ಅದು ಬಸವಮ್ಮಂದು ಅಲ್ವಾ?” ಅಂದಳು ಅತ್ತೆ ಸುಲೋಚನಮ್ಮ, ಒಲೆಯ ಮುಂದಿನಿಂದಲೇ. “ಕರೆದು ಹೇಳೋದಪ್ಪ.”

“ಎಂತ ಹೇಳೋದು? ತೂಗಿ ಆದ್ಮೇಲೆ ಮಾತು ಮುಗೀತು. ನಾಳೆ ನಂಗೆ ನಷ್ಟ ಆದ್ರೆ ಅವಳು ಬಂದು ಕೊಡ್ತಾಳಾ?”

“ಕರಗಿಸೋದು ಮಾತ್ರ ಬೇಡ ಮಾವ. ನಮ್ಮ ಮೇಷ್ಟ್ರಿಗೆ ತೋರ್ಸಿ ಬರ್ತೀನಿ, ಅಲ್ಲಿ ತನಕ ನನ್ನ ಹತ್ರ ಇರ್ಲಿ.”

ದೇವಪ್ಪ ಸೊಸೆಯ ಮುಖ ನೋಡಿದ. ಮೂರು ವರ್ಷದಲ್ಲಿ ಆ ಹುಡುಗಿ ಅವನ ಹತ್ತಿರ ಏನನ್ನೂ ಕೇಳಿದ್ದಿಲ್ಲ. “ಇಟ್ಕೋ. ತೂಕ ಚೀಟೀಲಿದೆ, ನೆನಪಿರ್ಲಿ,” ಅಂದ.

ಅವಳು ಅವನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಬೀರುವಿನಲ್ಲಿ ಇಟ್ಟಳು. ಹೊರಗೆ ಒಯ್ಯಲು ಧೈರ್ಯ ಬರಲಿಲ್ಲ. ನಾಲ್ಕೈದರ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಗುರುತು ಇಳಿಸಿಕೊಂಡಳು. ತವರಿಗೆ ಹೋಗುವ ನೆಪ ಹೇಳಿ ಕೊಪ್ಪದ ಬಸ್ಸು ಹತ್ತಿ, ಹರಿಹರಪುರದಲ್ಲಿ ಅಮ್ಮನ ಕೈಯ ಒಂದು ಲೋಟ ಕಾಫಿ ಕುಡಿದು, ಸೀದಾ ಶೃಂಗೇರಿಗೆ ಹೋದಳು. ಅವಳಿಗೆ ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಟ್ಟ ಸೀತಾರಾಮ ಮೇಷ್ಟ್ರು ರಿಟೈರಾಗಿ ಅಲ್ಲಿ ಹೊಳೆಯ ಹತ್ತಿರ ಮಗಳ ಮನೆಯಲ್ಲಿದ್ದರು.

ಮೇಷ್ಟ್ರು ಕಾಗದವನ್ನು ಕಿಟಕಿಯ ಹತ್ತಿರ ಹಿಡಿದು ಎಷ್ಟೋ ಹೊತ್ತು ನೋಡಿದರು.

“ಎಷ್ಟಿದಾವೆ ಇಂಥವು?”

“ಒಂದು ಡಬ್ಬಿ ತುಂಬ ಸಾರ್.”

“ಒಂದೇ ಕಡೆ ಸಿಕ್ಕಿದ್ದಾ? ಒಂದು ಡಬ್ಬಿನಾ?” ಅವರ ದನಿ ನಡುಗಿತು. “ಬೆಳ್ಳೀದು ಅಲ್ಲಿ ಇಲ್ಲಿ ಸಿಗುತ್ತೆ ಮಾರಾಯ್ತಿ. ಕಂಚಿಂದು ಇಷ್ಟೊಂದು ಈ ಕಡೆ ಸಿಕ್ಕಿದ್ದು ನಾ ಕೇಳಿಲ್ಲ. ಎರಡು ಸಾವಿರ ವರ್ಷದ ಹಿಂದೆ ನಮ್ಮ ಕಾಡಿನ ದಾರೀಲಿ ಯಾರು ಯಾರ ಹತ್ರ ಎಂತ ಕೊಂಡ್ರು, ಎಂತ ಮಾರಿದ್ರು, ಹೇಳೋಕೆ ನಮ್ಮ ಹತ್ರ ಬೇರೆ ಏನೂ ಇಲ್ಲ. ತೊಳೀಬೇಡಿ, ಮಾರ್ಬೇಡಿ. ಮಣ್ಣಲ್ಲಿ ಸಿಕ್ಕಿದ್ದು ಸರ್ಕಾರಕ್ಕೆ ತಿಳಿಸ್ಬೇಕು, ಅದನ್ನೂ ಮಾಡಣ. ನಾನು ತಿಳಿದೋರನ್ನ ಕರ್ಕೊಂಡೇ ಬರ್ತೀನಿ. ಅಲ್ಲಿ ತನಕ ಕಾಪಾಡು.”

ಕಾಪಾಡು ಅಂದರು. ಸೌಂದರ್ಯಾ ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಹಿಗ್ಗುತ್ತಲೇ ಬಂದಳು. ಯಾರೂ ಅವಳಿಗೆ ಇದುವರೆಗೆ ಏನನ್ನೂ ಕಾಪಾಡು ಎಂದು ಹೇಳಿರಲಿಲ್ಲ.

ಅಷ್ಟರಲ್ಲಿ ಯಶವಂತ ಮಹಾಶಯ ತನ್ನ ಕೆಲಸ ಮಾಡಿ ಮುಗಿಸಿದ್ದ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬನಿಗೆ ಗುಟ್ಟಾಗಿ ಹೇಳಿದ. ಆ ಒಬ್ಬ ಇನ್ನೊಬ್ಬನಿಗೆ ಇನ್ನೂ ಗುಟ್ಟಾಗಿ ಹೇಳಿದ. ನಾಣ್ಯ ಕಡಹಿನಬೈಲು ಮುಟ್ಟುವ ಹೊತ್ತಿಗೆ ಚಿನ್ನವಾಗಿತ್ತು. ಬಸವಮ್ಮನ ಮಗ ಹೂವಪ್ಪ ತಾಯಿಯ ಹತ್ತಿರ ಇದ್ದ ಒಂದು ಬಿಲ್ಲೆಯನ್ನು ಹೆಂಡತಿಯಿಂದ ಹುಳಿ ಹಾಕಿ ಉಜ್ಜಿಸಿದ. ಉಜ್ಜಿದ ಕಂಚು ಹಳದಿಯಾಗಿ ಫಳಫಳ ಹೊಳೆಯದೆ ಇನ್ನೇನು ಮಾಡೀತು? ಹೂವಪ್ಪ ಅದನ್ನು ತೆಗೆದುಕೊಂಡು ಕೊಪ್ಪದಲ್ಲಿ ಚಿನ್ನದ ಕೆಲಸ ಮಾಡುವ ಕಲ್ಲೇಶಪ್ಪನ ಹತ್ತಿರ ಓಡಿದ. ಕಲ್ಲೇಶಪ್ಪ ಎರಡು ತುಂಡು ಮಾಡಿ, ಒರೆಗಲ್ಲಿಗೆ ಉಜ್ಜಿ, “ಕಂಚು ಮಾರಾಯ,” ಅಂದು ತುಂಡುಗಳನ್ನು ವಾಪಸ್ ಕೊಟ್ಟ. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಸಂತೆಯ ದಿನ ಅಂಗಡಿಯ ತುಂಬ ಜನ ಇರುವಾಗ ಹೂವಪ್ಪ ಬಂದು ಆ ಎರಡು ತುಂಡುಗಳನ್ನು ತಕ್ಕಡಿಯ ತಟ್ಟೆಗೆ ಟಣ್ಣನೆ ಎಸೆದ.

“ನಮ್ಮಮ್ಮಂಗೆ ವಾಪಸ್ ಕೊಟ್ಟಿದ್ದು ಕಂಚು. ನೀವು ಇಟ್ಕೊಂಡಿದ್ದು ಎಂತದು?”

“ಅದೂ ಕಂಚು,” ಅಂದ ದೇವಪ್ಪ.

“ಹಂಗಾದ್ರೆ ನಿಮ್ಮ ಮಗ ಶಿವಮೊಗ್ಗದಲ್ಲಿ ಗಿರಾಕಿ ಹುಡುಕೋದು ಎಂತಕ್ಕೆ? ಕಂಚಿನ ಗಿರಾಕಿ ನಿಮ್ಗೆ ಇಲ್ವಾ?”

ದೇವಪ್ಪ ಮಗನ ಕಡೆ ತಿರುಗಿದ. ಯಶವಂತ ಡಬ್ಬಿಗಳ ಸಾಲನ್ನು ಸರಿ ಮಾಡುವವನ ಹಾಗೆ ಬೆನ್ನು ತಿರುಗಿಸಿಕೊಂಡ.

“ಬೇಕಾದ್ರೆ ಪೂರ್ತಿ ವಾಪಸ್ ತಗೊಂಡು ಹೋಗೋ,” ಅಂದ ದೇವಪ್ಪ.

“ಚಿನ್ನದ್ದು ಆರಿಸ್ಕೊಂಡು ಉಳಿದಿದ್ದು ಕೊಡ್ತೀರಾ? ಬೇಡ. ಚೀಟಿ ನಮ್ಮ ಹತ್ರ ಇದೆ.”

ಅವತ್ತಿನಿಂದ ಮನೆಗೆ ನೆಮ್ಮದಿ ಇಲ್ಲದಾಯಿತು. ತಟ್ಟೆ ತೂಗಿಸಲು ಬಂದವರು, “ಇನ್ನೊಂದ್ಸಲ ತೂಗಿ ನೋಡಣ ದೇವಪ್ಪ,” ಅನ್ನತೊಡಗಿದರು. ಒಬ್ಬ ಎದುರಿನ ದಿನಸಿ ಅಂಗಡಿಯಲ್ಲಿ ತೂಗಿಸಿಕೊಂಡೇ ಬಂದ. ದೇವಪ್ಪ ಅವನ ಸಾಮಾನನ್ನು ರಸ್ತೆಗೆ ಎಸೆದ. ಮನೆಯೊಳಗೆ ಬಂದರೆ ಅನ್ನ ಬಿಸಿ ಅಂತ ಜಗಳ, ಆರಿತು ಅಂತ ಜಗಳ. ಹಲಸಿನ ಎಳೆಕಾಯಿಯ ಪಲ್ಯ ಅವನ ಜೀವ. ಅದನ್ನೂ ತಟ್ಟೆಯ ಅಂಚಿಗೆ ತಳ್ಳಿ ಏಳುತ್ತಿದ್ದ. ಅತ್ತೆ ಸೊಸೆ ಮಾವಿನ ಮಿಡಿಗೆ ಉಪ್ಪು ಹಾಕುತ್ತ ಪಡಸಾಲೆಯಲ್ಲಿ ಅಪ್ಪ ಮಗ ಕೂಗಾಡುವುದನ್ನು ಕೇಳುತ್ತಿದ್ದರು.

“ನಿನ್ನ ಬಾಯಿಗೆ ಬೀಗ ಇರ್ಲಿಲ್ವೇನೋ?”

“ಮಾರಿ ಕೈ ತೊಳ್ಕೊಂಡಿದ್ರೆ ಈ ಉಸಾಬರಿನೇ ಇರ್ತಿರ್ಲಿಲ್ಲ. ನಿಮ್ಮ ಸೊಸೆ ಮಾತು ಕೇಳಿ ಡಬ್ಬೀಲಿ ಇಟ್ರಿ.”

ಸೌಂದರ್ಯಾ ಮಿಡಿಯ ತೊಟ್ಟು ಮುರಿಯುತ್ತಿದ್ದವಳು ನಿಲ್ಲಿಸಿದಳು.

“ಬಿಡು,” ಅಂದಳು ಸುಲೋಚನಮ್ಮ. “ಅವ್ರಿಬ್ರಿಗೂ ಬೈಯೋಕೆ ಮೂರನೆಯೋರು ಬೇಕು. ನಿಂಗಿಂತ ಮುಂಚೆ ನಾನಿದ್ದೆ.”

ಅಂಗಡಿಯ ಫೋನಿಗೆ ಮೇಷ್ಟ್ರ ಕರೆ ಬಂತು. ಕಾಲೇಜಿನಲ್ಲಿ ಚರಿತ್ರೆ ಹೇಳುವ ಒಬ್ಬರನ್ನು ಕರೆದುಕೊಂಡು ಭಾನುವಾರ ಬರುತ್ತೇವೆ, ಎಲ್ಲ ಇದ್ದ ಹಾಗೇ ಇರಲಿ ಎಂದರು. ಅದೇ ಸಂಜೆ ಹೂವಪ್ಪನ ಕಡೆಯಿಂದಲೂ ಮಾತು ಬಂತು. ಗುರುವಾರ ಊರ ಇಬ್ಬರು ಹಿರಿಯರ ಜೊತೆ ಬರುತ್ತಾರೆ, ಡಬ್ಬಿ ತೋರಿಸಬೇಕು.

“ಗುರುವಾರ ತೋರ್ಸೋದಲ್ಲ, ಕರಗಿಸೋದು,” ಅಂದ ದೇವಪ್ಪ. “ಎಲ್ರ ಕಣ್ಮುಂದೆ. ಕೊಪ್ಪದಿಂದ ಕಲ್ಲೇಶಪ್ಪನ್ನ ಕರೆಸ್ತೀನಿ. ಗಟ್ಟಿ ಒರೆಗೆ ಹಚ್ಚಿ ನೋಡ್ಲಿ. ಚಿನ್ನ ಇದ್ರೆ ಅದ್ರಲ್ಲಿ ಕಾಣ್ಲೇಬೇಕು.”

ಸೌಂದರ್ಯಾ ಮಾವನ ಎದುರಿಗೆ ಬಂದು ನಿಂತಳು. “ಮಾವ, ಭಾನುವಾರ ತನಕ ತಡೀರಿ. ಮೇಷ್ಟ್ರೇ ಬಂದು ಎಲ್ರ ಎದುರಿಗೆ ಇದು ಚಿನ್ನ ಅಲ್ಲ ಅಂತ ಹೇಳ್ತಾರೆ.”

“ನನ್ನ ತಕ್ಕಡಿಗೆ ನಿಮ್ಮ ಮೇಷ್ಟ್ರು ಸಾಕ್ಷಿ ಹೇಳ್ಬೇಕಾ? ನಲವತ್ತು ವರ್ಷ ನಾ ಕೂತಿದ್ದು ಸಾಲ್ದಾ?”

“ಎರಡು ಸಾವಿರ ವರ್ಷದ್ದು ಮಾವ ಅದು.”

“ಇರ್ಲಿ. ಎರಡು ಸಾವಿರ ವರ್ಷದಲ್ಲಿ ಯಾರೂ ಅದನ್ನ ಕಳ್ಳಮಾಲು ಅಂದಿರ್ಲಿಲ್ಲ. ನನ್ನ ಮನೇಲಿ ಅಂದ್ರು.” ಹಾಗೆ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

ಗುರುವಾರ ಹಿತ್ತಲು ತುಂಬಿತು. ಹೂವಪ್ಪ, ಹಿರಿಯರಿಬ್ಬರು, ಕೊಪ್ಪದ ಕಲ್ಲೇಶಪ್ಪ, ಕರೆಯದೆ ಬಂದ ಅರ್ಧ ಬೀದಿ. ಬಸವಮ್ಮನೂ ಬಂದಿದ್ದಳು, ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ಕುಲುಮೆಯಲ್ಲಿ ಇದ್ದಿಲು ಕೆಂಪಗಾಗಿತ್ತು. ದೇವಪ್ಪ ತಕ್ಕಡಿಯನ್ನು ಅಂಗಡಿಯಿಂದ ಹಿತ್ತಲಿಗೆ ತರಿಸಿದ್ದ.

“ಒಂದೆರಡು ಒರೆಗೆ ಹಚ್ಚಿ ನೋಡಿದ್ರೆ ಸಾಕಲ್ವಾ?” ಎಂದು ಸೌಂದರ್ಯಾ ಗಂಡಸರ ನಡುವೆ ಬಂದು ಕೇಳಿಯೇ ಬಿಟ್ಟಳು. “ಹೂವಪ್ಪಣ್ಣನೇ ಆರಿಸ್ಲಿ, ಯಾವುದು ಬೇಕೋ ಅದು.”

ಕಲ್ಲೇಶಪ್ಪ ತಲೆಯಾಡಿಸಿದ. “ಆಗ್ಬಹುದು. ಹತ್ತು ಆರಿಸ್ಲಿ ಬೇಕಾದ್ರೆ.”

ಹೂವಪ್ಪ ಹಿರಿಯರ ಮುಖ ನೋಡಿದ. ಅವನೂ ಒಪ್ಪುವವನೇ. ಆದರೆ ದೇವಪ್ಪ ಒಪ್ಪಲಿಲ್ಲ. “ಹತ್ತು ಬಿಟ್ಟು ಉಳಿದಿದ್ರಲ್ಲಿ ಇತ್ತು ಅಂತ ನಾಳೆ ಇನ್ನೊಬ್ಬ ಹೇಳ್ತಾನೆ. ನಂಗೆ ಅರ್ಧಂಬರ್ಧ ಬೇಡ. ಡಬ್ಬಿ ತಗೊಂಡು ಬಾರಮ್ಮ.”

“ಬೇಡ ಬಿಡ್ರೋ,” ಅಂದಳು ಬಸವಮ್ಮ ಕಟ್ಟೆಯ ಮೇಲಿಂದ. “ನಾನೇನು ಕೇಳಿದ್ನಾ? ನನ್ನ ಸಾಮಾನು ನಾ ಕೊಟ್ಟಿದ್ದು.” ಅವಳ ಮಾತು ಯಾರಿಗೂ ಬೇಕಾಗಿರಲಿಲ್ಲ.

ಸೌಂದರ್ಯಾ ಒಳಗೆ ಹೋಗಿ ಬೀರು ತೆಗೆದಳು. ಡಬ್ಬಿಯ ಮುಚ್ಚಳ ಬಿಚ್ಚಿ ಮೇಲಿದ್ದ ಒಂದನ್ನು ಎತ್ತಿದಳು. ಅವಳೇ ಹುಳಿ ಹಚ್ಚಿ ಅರ್ಧ ಉಜ್ಜಿದ್ದು, ಸೂರ್ಯ ಇದ್ದದ್ದು. ಮುಷ್ಟಿಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ಚಿಕ್ಕದು. ಹಿಂದೆ ಬಂದು ನಿಂತಿದ್ದ ಸುಲೋಚನಮ್ಮ ಮೆಲ್ಲಗೆ ಅಂದಳು:

“ಇಟ್ಕೋ. ನಾಲ್ಕು ಇಟ್ಕೋ. ನಾ ನೋಡಿಲ್ಲ.”

“ತೂಗ್ತಾರೆ ಅತ್ತೆ.”

“ತೂಗ್ಲಿ.”

“ಚೀಟಿಗಿಂತ ಕಮ್ಮಿ ಬಂದ್ರೆ ಮಾವನ್ನ ಕಳ್ಳ ಅಂತಾರೆ. ಇಷ್ಟು ಜನರ ಎದುರಿಗೆ.”

ಹೊರಗೆ ದೇವಪ್ಪ, “ಎಂತ ಮಾಡ್ತಿದೀಯ ಮಾರಾಯ್ತಿ, ಬಾ,” ಎಂದು ಕೂಗಿದ. ಸೌಂದರ್ಯಾಳಿಗೆ ಮೇಷ್ಟ್ರ ನಡುಗುವ ದನಿ ಕೇಳಿಸಿತು, ಇಷ್ಟು ದಿನ ಊಟ ಬಿಟ್ಟ ಮಾವನ ಮುಖವೂ ಕಂಡಿತು. ಮುಷ್ಟಿ ಬಿಚ್ಚಲು ಅವಳಿಗೆ ಎಷ್ಟು ಕಷ್ಟವಾಯಿತೆಂದರೆ, ಬಿಚ್ಚಿದ ಮೇಲೆ ಅಂಗೈಯಲ್ಲಿ ಚೌಕದ ಅಚ್ಚು ಕೆಂಪಗೆ ಮೂಡಿತ್ತು. ನಾಣ್ಯವನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದಳು.

ತಕ್ಕಡಿಗೆ ಹಾಕಿದರು. ಹೂವಪ್ಪ ಎಸೆದಿದ್ದ ಎರಡು ತುಂಡನ್ನೂ ಅದಕ್ಕೇ ಸೇರಿಸಿದರು. ಮುಳ್ಳು ಚೀಟಿಯ ತೂಕಕ್ಕೆ ಬಂದು ಅಲ್ಲಾಡದೆ ನಿಂತಿತು. ಹಿರಿಯರೊಬ್ಬರು ಚೀಟಿಯನ್ನು ಜೋರಾಗಿ ಓದಿದರು. ಜನ ಗುಜುಗುಜು ಅಂದರು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹೂವಪ್ಪನೂ, “ಸರಿ ಬಿಡಿ,” ಅಂದ. ದೇವಪ್ಪನ ಕಿವಿಗೆ ಅದು ಬೀಳಲಿಲ್ಲವೋ, ಬಿದ್ದರೂ ಬೇಕಾಗಿರಲಿಲ್ಲವೋ, ತಟ್ಟೆಯಲ್ಲಿದ್ದದ್ದನ್ನೆಲ್ಲ ಲೋಹ ಕರಗಿಸುವ ಮೂಸೆಗೆ ಸುರಿದ, ಮೂಸೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ನಡುವೆ ಇಟ್ಟ. ಯಶವಂತ ತಿದಿ ಒತ್ತಿದ. ಮೊದಲು ಹಸಿರು ಉರಿ ಎದ್ದಿತು. ಸೌಂದರ್ಯಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರೆದ ಗಟ್ಟಿ ಆರಿದ ಮೇಲೆ ಕಲ್ಲೇಶಪ್ಪ ಒರೆಗೆ ಹಚ್ಚಿದ, ಆಸಿಡ್ ಬಿಟ್ಟ. ಗೆರೆ ಪೂರ್ತಿ ಅಳಿಸಿಹೋಯಿತು. “ಅಪ್ಪಟ ಕಂಚು. ಗುಲಗಂಜಿಯಷ್ಟೂ ಚಿನ್ನ ಇಲ್ಲ,” ಅಂದ. ಹೂವಪ್ಪ ದೇವಪ್ಪನ ಕಾಲು ಹಿಡಿಯಲು ಬಂದ. ದೇವಪ್ಪ ಅವನನ್ನು ಎತ್ತಿ ನಿಲ್ಲಿಸಿ, ಎಲ್ಲರಿಗೂ ಕಾಫಿ ಕೊಡಿಸಿದ. ಆ ಸಂಜೆ ಅವನು ನಾಲ್ಕು ರೊಟ್ಟಿ ತಿಂದ. ಬಡಿಸಿದವಳು ಸುಲೋಚನಮ್ಮ.

ಶುಕ್ರವಾರ, ಶನಿವಾರ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. “ದೇವಪ್ಪನ ಹತ್ರ ತೂಗೋದೇ ಬೇಡ, ಅವ್ರು ಹೇಳಿದ್ದೇ ತೂಕ,” ಎಂದು ಜನ ಅವನ ಎದುರಿಗೇ ಹೇಳಿದರು. ಸೌಂದರ್ಯಾ ಹಿತ್ತಲಿನ ಕೆಲಸ ಮಾಡಿದಳು, ಮಾವನ ಜೊತೆ ಮಾತಾಡಲಿಲ್ಲ. ಶೃಂಗೇರಿಗೆ ಫೋನು ಮಾಡಲು ಅವಳಿಗೆ ಬಾಯಿ ಬರಲಿಲ್ಲ.

ಭಾನುವಾರ ಮೇಷ್ಟ್ರು ಬಂದರು. ಜೊತೆಗೆ ಕಾಲೇಜಿನವರೊಬ್ಬರು, ಅವರ ಚೀಲದಲ್ಲಿ ಕ್ಯಾಮೆರಾ, ಹತ್ತಿ, ಭೂತಗನ್ನಡಿ. ದೇವಪ್ಪ ಸಂಭ್ರಮದಿಂದ ಕುರ್ಚಿ ಹಾಕಿಸಿ, ಗಟ್ಟಿಯನ್ನು ತಂದು ಅವರ ಮುಂದೆ ಇಟ್ಟ.

“ನೋಡಿ ಸಾರ್. ಇಷ್ಟೇ ಇದ್ದಿದ್ದು. ಒಂದು ಚೂರೂ ಆಚೀಚೆ ಆಗಿಲ್ಲ.”

ಮೇಷ್ಟ್ರಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಅವರು ಬೈಯಲಿಲ್ಲ. ಬೈದಿದ್ದರೆ ದೇವಪ್ಪ ತಿರುಗಿ ಬೈದು ಹಗುರಾಗುತ್ತಿದ್ದನೇನೋ. ಅವರು ಗಟ್ಟಿಯ ಮೇಲೆ ಕೈಯಿಟ್ಟು ಕೂತರು, ಮನೆಯಲ್ಲಿ ಹೆಣ ಇಟ್ಟುಕೊಂಡವರ ಹಾಗೆ. ಕಾಲೇಜಿನವರು ಮಾತ್ರ ಸೌಂದರ್ಯಾಳ ಪೆನ್ಸಿಲಿನ ಕಾಗದಗಳನ್ನು ಕೇಳಿ ತೆಗೆದುಕೊಂಡರು.

“ಸಾರ್,” ಅಂದ ದೇವಪ್ಪ ಕೊನೆಗೆ, ದನಿ ತಗ್ಗಿಸಿ. “ಅದ್ರ ಮೇಲೆ ಎಂತ ಇತ್ತು? ನಾ ಸರಿಯಾಗಿ ನೋಡ್ಲೇ ಇಲ್ಲ. ಸದ್ದು ಕೇಳಿದ್ದಷ್ಟೆ.”

ಮೇಷ್ಟ್ರು ಹೇಳಿದರು. ಸೂರ್ಯ, ಬೆಟ್ಟ, ಮರ, ಎತ್ತು. ಒಂದೊಂದು ಗುರುತೂ ಒಬ್ಬೊಬ್ಬರದಿರಬಹುದು, ಇದು ಸರಿಯಾದ ತೂಕದ್ದು, ನಂಬಬಹುದು ಎಂದು ಆಗಿನ ವ್ಯಾಪಾರಸ್ಥರೇ ಪರೀಕ್ಷೆ ಮಾಡಿ ಒತ್ತುತ್ತಿದ್ದರು ಎಂದೂ ಹೇಳುತ್ತಾರೆ, ಎಂದರು. ಕಾಫಿ ಮುಟ್ಟದೆ ಎದ್ದು ಹೋದರು.

ಮಧ್ಯಾಹ್ನ ಊಟಕ್ಕೆ ಕೂತರು. ಯಶವಂತ ಬೇಗ ಬೇಗ ಉಂಡು ಎದ್ದ. ದೇವಪ್ಪ ಅನ್ನ ಕಲಸಿದ್ದವನು ಹಾಗೇ ಕೂತಿದ್ದ. ಸಾರು ಬಡಿಸಲು ಸೌಂದರ್ಯಾ ಬಗ್ಗಿದಾಗ ತಲೆ ಎತ್ತದೆ ಕೇಳಿದ:

“ಅವತ್ತು ಡಬ್ಬಿ ತರೋಕೆ ಒಳಗೆ ಹೋದ್ಯಲ್ಲ ಮಗಾ. ಒಂದಾದ್ರೂ ಎತ್ತಿಟ್ಕೊಬಾರ್ದಿತ್ತಾ?”

ಸೌಟು ಅವಳ ಕೈಯಲ್ಲೇ ಉಳಿಯಿತು.

“ತೂಕ ಕಮ್ಮಿ ಬರ್ತಿತ್ತು ಮಾವ.”

“ಬಂದಿದ್ರೆ ಬರ್ತಿತ್ತು,” ಅಂದ ದೇವಪ್ಪ, ಮತ್ತು ತಟ್ಟೆಯ ಮುಂದಿನಿಂದ ಎದ್ದ.